ಹಡಗು ಮುಳುಗಿದರೆ ಜಾತ್ರೆ, ಹಡಗಿನವ ಮುಳುಗಿದರೆ?

ಮಂಗಳೂರಿನಲ್ಲಿ ಹಡಗು ಮುಳುಗಿದರೆ ಅದೊಂದು ಜಾತ್ರೆ. ಮಳೆಗಾಲದ ಬೆಳಿಗ್ಗೆ ಕಬ್ಬಿಣದ ದೊಡ್ಡ ದೇಹವೊಂದು ದಡದ ಹತ್ತಿರ ಬಂದು ವಾಲಿಕೊಂಡು ಕೂತಿತೋ, ಮಧ್ಯಾಹ್ನದೊಳಗೆ ಸ್ಕೂಟರು, ಕಾರು, ಮಕ್ಕಳು ಮರಿ ಎಲ್ಲ ಹಾಜರು. ಚರುಮುರಿಯವನ ತಳ್ಳುಗಾಡಿಯೂ ಹಾಜರು. ಹಡಗಿಗೆ ಬೆನ್ನು ಹಾಕಿ ಫೋಟೊ ತೆಗೆಸಿಕೊಳ್ಳುವವರಿಗೆ ಕೊರತೆ ಇಲ್ಲ. ಒಂದು ವಾರ ಇದೇ ಮಾತು. ಆಮೇಲೆ ಮಳೆ ಜೋರಾಗುತ್ತದೆ, ಜನ ಮನೆ ಸೇರುತ್ತಾರೆ, ಹಡಗನ್ನು ಉಪ್ಪು ನೀರು ತಿನ್ನುತ್ತದೆ. ಕಡತವನ್ನು ಗೆದ್ದಲು ತಿನ್ನುತ್ತದೆ.

2007ರ ಜೂನ್ 23ರಂದು ಎರಿಟ್ರಿಯಾ ದೇಶದ ‘ಡೆನ್ ಡೆನ್’ ಹಡಗು ಪಣಂಬೂರು-ತಣ್ಣೀರುಬಾವಿ ಬದಿಯಲ್ಲಿ ಮಳೆಗಾಲದ ಅಲೆಗೆ ಸಿಕ್ಕಿ ಹಾಳಾದಾಗ ಹೀಗೇ ಆಯಿತು. ಮೂವರು ಸಿಬ್ಬಂದಿ ಸತ್ತರು. ಮುರಿದ ಹಡಗನ್ನು ನೋಡಲು ಹೋದವರು ಸಾವಿರಾರು ಮಂದಿ. ಸತ್ತ ಮೂವರ ಹೆಸರು ಕೇಳಿದವರು ಎಷ್ಟು ಮಂದಿ?

ಈ ಪ್ರಶ್ನೆ ಕೇಳುವವರು ಬೆಂಗ್ರೆಯ ಒಬ್ಬ ಹಿರಿಯರು. ವಯಸ್ಸು ಎಂಬತ್ತರ ಹತ್ತಿರ. ಮೂವತ್ತಾರು ವರ್ಷ ಹಡಗಿನಲ್ಲಿ ದುಡಿದು, ಡೆಕ್ಕು ತಿಕ್ಕುವ ಹುಡುಗನಿಂದ ಸಾರಂಗ ಆಗುವವರೆಗೆ ಏರಿ, ಮನೆಗೆ ಬಂದು ಕೂತವರು. ಊರಿನವರಿಗೆ ಅವರು ‘ಸಾರಂಗಣ್ಣ’. ಮೊಮ್ಮಗ ಹಡಗಿನ ಕೆಲಸಕ್ಕೆ ಓಡಾಡುತ್ತಿರುವ ಹೊತ್ತು, ಪೇಪರಿನಲ್ಲಿ ಹೆಸರು ಬರುವುದು ಬೇಡ ಎನ್ನುತ್ತಾರೆ. ಹೆಸರು ಬೇಡ, ಮಾತು ಸಾಕು. ಆ ಮಾತಿನಲ್ಲಿ ಬಂದರಿನ ದೊಡ್ಡವರಿಗೂ, ಜಿಲ್ಲಾಡಳಿತಕ್ಕೂ, ಮಗನನ್ನು ಹಡಗಿಗೆ ಕಳಿಸಲು ಹೊರಟ ಅಪ್ಪ-ಅಮ್ಮಂದಿರಿಗೂ ಬೇಕಾದ್ದು ಉಂಟು.

ಮಂಜಿಯಲ್ಲಿ ಕಲಿತ ಪಾಠ

ಸಾರಂಗಣ್ಣ ಕಡಲಿಗೆ ಇಳಿದದ್ದು ಹದಿನಾಲ್ಕನೇ ವಯಸ್ಸಿಗೆ. ಬಂದರಿನಿಂದ ಲಕ್ಷದ್ವೀಪಕ್ಕೆ ಅಕ್ಕಿ, ನೀರುಳ್ಳಿ, ಹೆಂಚು ಹೊತ್ತು ಹೋಗುತ್ತಿದ್ದ ಮಂಜಿಯಲ್ಲಿ ಅಡಿಗೆಯ ಭಂಡಾರಿಗೆ ಸಹಾಯಕ. ಬರುವಾಗ ಕೊಬ್ಬರಿ. ಹಾಯಿ ಬಿಚ್ಚುವುದು, ಕಟ್ಟುವುದು, ತಂಡೇಲರ ಬೈಗುಳ ತಿನ್ನುವುದು ಇಷ್ಟೇ ವಿದ್ಯಾಭ್ಯಾಸ. ಆದರೆ ಆ ಮಂಜಿಯ ತಂಡೇಲರು ಒಂದು ಮಾತು ಹೇಳುತ್ತಿದ್ದರಂತೆ: “ಕಡಲಿಗೆ ಹೆದರುವವ ಸಾಯುದಿಲ್ಲ. ಮಾಲಿನ ಯಜಮಾನನಿಗೆ ಹೆದರುವವ ಸಾಯುದು.”

ಮಂಜಿಗೆ ಎಷ್ಟು ಹೊರೆ ಹಾಕಬಹುದೆಂದು ತಂಡೇಲರಿಗೆ ಗೊತ್ತು. ಇನ್ನೂ ಇಪ್ಪತ್ತು ಮೂಟೆ ಹಾಕು ಎನ್ನುವುದು ಯಜಮಾನನ ಆಸೆ. ‘ಆಗುದಿಲ್ಲ’ ಎಂದು ಹೇಳುವ ಧೈರ್ಯ ಇದ್ದ ತಂಡೇಲ ಮುದುಕನಾಗುತ್ತಾನೆ, ಇಲ್ಲದವನು ಆಗುವುದಿಲ್ಲ. ಆಮೇಲೆ ಮುಂಬಯಿಗೆ ಹೋಗಿ, ನಾವಿಕರ ಸಿಡಿಸಿ ಪುಸ್ತಕ ಮಾಡಿಸಿ, ದೇಶಾಂತರ ತಿರುಗಿ, ಇಪ್ಪತ್ತು ಮಾಳಿಗೆ ಎತ್ತರದ ಹಡಗುಗಳಲ್ಲಿ ದುಡಿದರೂ ಕಂಡದ್ದು ಇದನ್ನೇ ಎನ್ನುತ್ತಾರೆ ಸಾರಂಗಣ್ಣ. ಮಂಜಿ ಹೋಗಿ ಹಡಗಾಯಿತು, ಯಜಮಾನ ಹೋಗಿ ಕಂಪೆನಿಯಾಯಿತು. ಇಪ್ಪತ್ತು ಮೂಟೆಯ ಆಸೆ ಎಲ್ಲಿ ಹೋಯಿತು?

ಕೆಂಪು ಪುಡಿಯ ಗುಟ್ಟು

ಈ ಮಾತಿಗೆ ದೂರದ ಸಾಕ್ಷಿ ಬೇಡ. ಪಣಂಬೂರಿನಲ್ಲೇ ಉಂಟು.

2009ರ ಜುಲೈ ತಿಂಗಳು. ನವಮಂಗಳೂರು ಬಂದರಿನಲ್ಲಿ ಕಬ್ಬಿಣದ ಅದಿರಿನ ಪುಡಿ ತುಂಬಿಕೊಂಡು ‘ಏಷ್ಯನ್ ಫಾರೆಸ್ಟ್’ ಎಂಬ ಹಡಗು ಹೊರಟಿತು. ಬಹಳ ದೂರವೇನೂ ಹೋಗಲಿಲ್ಲ. ಹಡಗು ಒಂದು ಬದಿಗೆ ವಾಲಿತು. ವಾಲಿದ್ದು ನೆಟ್ಟಗಾಗಲಿಲ್ಲ. 18 ಮಂದಿ ಸಿಬ್ಬಂದಿಯನ್ನು ಕೋಸ್ಟ್ ಗಾರ್ಡಿನವರು ಉಳಿಸಿದರು, ಹಡಗು ತಳ ಸೇರಿತು. ಅದಕ್ಕೆ ಎರಡು ವರ್ಷ ಮುಂಚೆ, 2007ರ ಮಳೆಗಾಲದಲ್ಲಿ, ಇಲ್ಲಿಂದಲೇ ಅದಿರು ತುಂಬಿಕೊಂಡು ಹೊರಟ ‘ಚಾಂಗ್ ಲೆ ಮೆನ್’ ಹಡಗಿನ ಗತಿಯೂ ಇದೇ. ‘ಏಷ್ಯನ್ ಫಾರೆಸ್ಟ್’ ಮುಳುಗಿದ ಎರಡೇ ತಿಂಗಳಿಗೆ, 2009ರ ಸೆಪ್ಟೆಂಬರಿನಲ್ಲಿ, ಒರಿಸ್ಸಾದ ಪಾರಾದೀಪ ಬಂದರಿನ ಹೊರಗೆ ಅದಿರು ಹೊತ್ತ ‘ಬ್ಲ್ಯಾಕ್ ರೋಸ್’ ಮುಳುಗಿತು.

ಜನ ಹೇಳಿದ್ದು ಏನು? ‘ಭಾರಿ ಗಾಳಿ ಮಾರಾಯ್ರೆ, ಹಳೇ ಹಡಗು, ತೂತಾಗಿರಬೇಕು.’ ಸಾರಂಗಣ್ಣ ತಲೆ ಅಲ್ಲಾಡಿಸುತ್ತಾರೆ. “ತೂತು ಹಡಗಿನಲ್ಲಿ ಅಲ್ಲ, ಲೆಕ್ಕದಲ್ಲಿ.”

ಅವರ ವಿವರಣೆ ಇಂಗ್ಲಿಷಿನ ದಪ್ಪ ಪುಸ್ತಕಕ್ಕಿಂತ ಸಲೀಸು. ಪಣಂಬೂರಿನ ಒದ್ದೆ ಮರಳಿನ ಮೇಲೆ ನಿಂತು ಒಂದೇ ಜಾಗದಲ್ಲಿ ಕಾಲು ಕುಟ್ಟಿ ನೋಡಿ. ಮೊದಲು ಗಟ್ಟಿ ಇರುತ್ತದೆ. ಹತ್ತು ಸಲ ಕುಟ್ಟಿದರೆ ನೀರು ಮೇಲೆ ಬರುತ್ತದೆ, ಮರಳು ಅಂಬಲಿಯ ಹಾಗೆ ಆಗುತ್ತದೆ, ಕಾಲು ಹೂತು ಹೋಗುತ್ತದೆ. ಅದಿರಿನ ಪುಡಿಯೂ ಹಾಗೇ. ಯಾರ್ಡಿನಲ್ಲಿ ರಾಶಿ ಹಾಕಿದ ಪುಡಿಗೆ ಮಳೆ ಬೀಳುತ್ತದೆ. ಮೇಲಿಂದ ನೋಡಿದರೆ ಒಣಗಿದಂತೆ ಕಾಣುತ್ತದೆ, ಕಾಳು ಕಾಳಿನ ನಡುವೆ ನೀರು ಕೂತಿರುತ್ತದೆ. ಹಡಗಿಗೆ ತುಂಬಿದ ಮೇಲೆ ಇಂಜಿನು ನಡುಗಿಸುತ್ತದೆ, ಅಲೆ ತೂಗುತ್ತದೆ. ಕಾಳು ಅದುಮಿ ಕೂರುತ್ತದೆ, ನಡುವಿನ ನೀರಿಗೆ ಜಾಗ ಇಲ್ಲ. ಸಾವಿರಾರು ಟನ್ ಪುಡಿ ಒಮ್ಮೆಲೇ ಕೆಸರಾಗುತ್ತದೆ. ಹಡಗು ಎಡಕ್ಕೆ ತೂಗಿದಾಗ ಕೆಸರು ಎಡಕ್ಕೆ ಜಾರುತ್ತದೆ. ಹಡಗು ಬಲಕ್ಕೆ ಬರಬೇಕೆಂದರೆ ಕೆಸರು ಬರುವುದಿಲ್ಲ. ಮತ್ತೆ ಕ್ಯಾಪ್ಟನನ ಕೈಯಲ್ಲಿ ಏನೂ ಇಲ್ಲ.

ಇದನ್ನು ತಡೆಯುವುದು ಬ್ರಹ್ಮವಿದ್ಯೆಯಲ್ಲ. ಪ್ರತಿ ಪುಡಿ ಮಾಲಿಗೂ ಇಷ್ಟು ತೇವಕ್ಕಿಂತ ಹೆಚ್ಚು ಇರಬಾರದೆಂಬ ಮಿತಿ ಉಂಟು. ಲ್ಯಾಬೊರೇಟರಿಯಲ್ಲಿ ಪರೀಕ್ಷೆ ಮಾಡಿ ಬರೆದುಕೊಡಬೇಕು. ಬರೆದ ಕಾಗದದ ಮೇಲೆ ಸಂಶಯ ಬಂದರೆ ಹಡಗಿನವನಿಗೆ ಇನ್ನೊಂದು ಉಪಾಯ: ಒಂದು ಡಬ್ಬಿಯಲ್ಲಿ ಅರ್ಧದಷ್ಟು ಮಾಲು ಹಾಕಿ, ಗಟ್ಟಿ ನೆಲಕ್ಕೆ ಇಪ್ಪತ್ತೈದು ಸಲ ಕುಟ್ಟಿ ನೋಡುವುದು. ಮೇಲೆ ನೀರು ಕಂಡರೆ ಮಾಲು ಬೇಡ. 2011ರ ಜನವರಿ 1ರಿಂದ ಈ ನಿಯಮಾವಳಿ ಇಡೀ ಜಗತ್ತಿನ ಹಡಗುಗಳಿಗೆ ಕಡ್ಡಾಯ. ಅಪಾಯದ ಮಾಲನ್ನು ಬೇಡ ಎನ್ನುವ ಹಕ್ಕು ಕ್ಯಾಪ್ಟನನಿಗೆ ಕಾನೂನಿನಲ್ಲೇ ಉಂಟು.

“ಹಕ್ಕು ಪುಸ್ತಕದಲ್ಲಿ ಉಂಟು,” ಎನ್ನುತ್ತಾರೆ ಸಾರಂಗಣ್ಣ. “ಹಡಗು ಒಂದು ದಿನ ಸುಮ್ಮನೆ ನಿಂತರೆ ಎಷ್ಟು ಲಕ್ಷ ನಷ್ಟ ಅಂತ ಏಜೆಂಟ ಬಂದು ಲೆಕ್ಕ ಹೇಳ್ತಾನೆ. ಕ್ಯಾಪ್ಟನನ ಜೇಬಿನಲ್ಲಿ ಡಬ್ಬಿ ಇರುದಿಲ್ಲ, ಕಂಪೆನಿಯ ತಂತಿ ಇರುದು.”

2010ರ ಜುಲೈಯಲ್ಲಿ ರಾಜ್ಯ ಸರಕಾರ ಅದಿರು ರಫ್ತು ನಿಲ್ಲಿಸಿದ್ದರಿಂದ ಈ ಮಾತು ತಣ್ಣಗಾಯಿತು. ನಿಲ್ಲಿಸಿದ್ದು ನಾವಿಕರ ಪ್ರಾಣಕ್ಕಾಗಿ ಅಲ್ಲ, ಗಣಿ ಲೂಟಿಯ ಗಲಾಟೆಗಾಗಿ. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಕರ್ನಾಟಕದ ಅದಿರಿಗೆ ಮತ್ತೆ ರಫ್ತಿನ ಬಾಗಿಲು ತೆರೆಯಿತು. ಬಾಗಿಲು ತೆರೆದ ಮೇಲೆ ಮಳೆಯೂ ಒಳಗೆ ಬರುತ್ತದೆಂಬುದನ್ನು ನೆನಪಿಡುವವರು ಯಾರು?

ನಿದ್ದೆಯ ಲೆಕ್ಕ

ಹಡಗು ಮುಳುಗಿದ ಮಾರನೇ ದಿನ ಪೇಪರಿನಲ್ಲಿ ಒಂದು ಶಬ್ದ ಬರುತ್ತದೆ: ‘ಮಾನವ ಲೋಪ’. ಅಂದರೆ ಕೆಳಗಿನವನ ತಪ್ಪು. ಈ ಶಬ್ದ ಕೇಳಿದರೆ ಸಾರಂಗಣ್ಣನಿಗೆ ಸಿಟ್ಟು ಬರುತ್ತದೆ.

1987ರ ಮಾರ್ಚಿನಲ್ಲಿ ಬೆಲ್ಜಿಯಂನ ಝೀಬ್ರುಗ್ ಬಂದರಿನಿಂದ ಹೊರಟ ‘ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್’ ಎಂಬ ಇಂಗ್ಲಿಷ್ ಫೆರಿ ಹಡಗು ಕೆಲವೇ ನಿಮಿಷದಲ್ಲಿ ಮಗುಚಿ 193 ಮಂದಿ ಸತ್ತರು. ಕಾರು ಲಾರಿ ಹತ್ತುವ ಮುಂದಿನ ಬಾಗಿಲನ್ನು ಮುಚ್ಚದೆ ಹೊರಟದ್ದೇ ಕಾರಣ. ಮುಚ್ಚಬೇಕಾದವನು ಒಬ್ಬ ಸಹಾಯಕ ಸಾರಂಗ. ಅವನು ಕೋಣೆಯಲ್ಲಿ ನಿದ್ದೆ ಮಾಡುತ್ತಿದ್ದ. ಜಗತ್ತೆಲ್ಲ ಅವನಿಗೆ ಬೈಯಿತು. ತನಿಖೆ ಮಾಡಿದವರು ಮಾತ್ರ ಅಲ್ಲಿಗೆ ನಿಲ್ಲಲಿಲ್ಲ. ಬಾಗಿಲು ಮುಚ್ಚಿದೆಯೋ ಇಲ್ಲವೋ ಎಂದು ಕ್ಯಾಪ್ಟನನಿಗೆ ತಿಳಿಯಲು ಒಂದು ದೀಪ ಹಾಕಿಸಿ ಎಂದು ಹಡಗಿನವರು ಕೇಳಿದ್ದರು, ಕಂಪೆನಿ ಹಾಕಿಸಿರಲಿಲ್ಲ. ತಪ್ಪು ಮೇಲಿಂದ ಕೆಳಗಿನವರೆಗೆ ಎಂದು ತನಿಖೆ ಹೇಳಿತು. ಅದರ ಫಲವಾಗಿಯೇ ಕಂಪೆನಿಯ ಆಡಳಿತವನ್ನೂ ಹೊಣೆ ಮಾಡುವ ಐ.ಎಸ್.ಎಂ. ನಿಯಮ 1998ರಿಂದ ಜಾರಿಗೆ ಬಂತು.

ನಿಯಮಕ್ಕೆ ಕೊರತೆ ಇಲ್ಲ. ನಾವಿಕನಿಗೆ ದಿನದ 24 ಗಂಟೆಯಲ್ಲಿ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಕೊಡಬೇಕೆಂದು ಬರೆದಿದೆ. ಬರೆಯಲು ರಿಜಿಸ್ಟರೂ ಉಂಟು. ಬಂದರಿಗೆ ಬಂದ ರಾತ್ರಿ ಹಗ್ಗ ಕಟ್ಟುವುದು, ಹೊಲ್ಡಿನ ಬಾಗಿಲು ತೆಗೆಯುವುದು, ಮಾಲು ಇಳಿಸುವುದು, ತೊಳೆಯುವುದು, ಮತ್ತೆ ಹಗ್ಗ ಬಿಚ್ಚುವುದು. ಇಷ್ಟಾದ ಮೇಲೆ ರಿಜಿಸ್ಟರಿನಲ್ಲಿ ‘ವಿಶ್ರಾಂತಿ’ ಎಂದು ಗೆರೆ ಎಳೆದು ರುಜು ಹಾಕುವುದು. “ಕಾಗದ ಹೆಚ್ಚಾಯ್ತು. ನಿದ್ದೆ ಹೆಚ್ಚಾಗ್ಲಿಲ್ಲ” ಎಂಬುದು ಸಾರಂಗಣ್ಣನ ಒಂದು ಸಾಲಿನ ತೀರ್ಪು.

ಹಿಂದೆ ನಲವತ್ತು ಮಂದಿ ಮಾಡುತ್ತಿದ್ದ ಹಡಗಿನ ಕೆಲಸವನ್ನು ಈಗ ಇಪ್ಪತ್ತು ಇಪ್ಪತ್ತೆರಡು ಮಂದಿ ಮಾಡುತ್ತಾರೆ. ಹಡಗು ಮಾತ್ರ ನಾಲ್ಕು ಪಟ್ಟು ದೊಡ್ಡದು. ಯಂತ್ರ ಬಂದಿದೆ, ಸರಿ. ಯಂತ್ರಕ್ಕೆ ತೂಕಡಿಕೆ ಇಲ್ಲ, ಅದನ್ನು ನೋಡಬೇಕಾದವನಿಗೆ ಉಂಟಲ್ಲ!

ಎತ್ತಲು ಇಳಿದವನೂ ಬಿದ್ದ

ಸಾರಂಗಣ್ಣ ಕಣ್ಣಾರೆ ಕಂಡ ಸಾವು ಬಿರುಗಾಳಿಯದ್ದಲ್ಲ, ಬೆಂಕಿಯದ್ದಲ್ಲ. ನಿಂತ ಹಡಗಿನದ್ದು, ಬಂದರಿನಲ್ಲಿ, ಹಾಡು ಹಗಲು. ಕಲ್ಲಿದ್ದಲು ತುಂಬಿದ್ದ ಹೊಲ್ಡಿನ ಪಕ್ಕದ ಏಣಿ ಕಿಂಡಿಯಲ್ಲಿ ಒಬ್ಬ ಹುಡುಗ ಇಳಿದ. ನಾಲ್ಕು ಮೆಟ್ಟಿಲು ಇಳಿದವನು ಸದ್ದಿಲ್ಲದೆ ಕುಸಿದ. ಮೇಲಿದ್ದ ಗೆಳೆಯ ‘ಕಾಲು ಜಾರಿತು’ ಎಂದುಕೊಂಡು ಎತ್ತಲು ಇಳಿದ. ಅವನೂ ಕುಸಿದ. ಮೂರನೆಯವನನ್ನು ಸಾರಂಗಣ್ಣ ಅಂಗಿ ಹಿಡಿದು ಎಳೆದರು. ಎಳೆಯದಿದ್ದರೆ ಮೂರು ಹೆಣ.

ಕಾರಣ? ಗಾಳಿ ಇತ್ತು, ಗಾಳಿಯಲ್ಲಿ ಪ್ರಾಣವಾಯು ಇರಲಿಲ್ಲ. ಹೊರಗಿನ ಗಾಳಿಯಲ್ಲಿ ನೂರಕ್ಕೆ 21 ಪಾಲು ಪ್ರಾಣವಾಯು. ಮುಚ್ಚಿದ ಕೋಣೆಯಲ್ಲಿ ಕಲ್ಲಿದ್ದಲು ಅದನ್ನು ತಿನ್ನುತ್ತದೆ. ಮರದ ದಿಮ್ಮಿ ತಿನ್ನುತ್ತದೆ. ಬರಿಯ ತುಕ್ಕು ಹಿಡಿಯುವ ಕಬ್ಬಿಣ ಕೂಡ ತಿನ್ನುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ, ಎಚ್ಚರಿಕೆ ಇಲ್ಲ. ಮೀಟರು ಹಿಡಿದು ಅಳೆಯದೆ, ಗಾಳಿ ಹಾಯಿಸದೆ ಇಳಿಯಬಾರದು, ಬಿದ್ದವನನ್ನು ಎತ್ತಲು ಹಾಗೇ ಓಡಬಾರದು. ಇದು ಹಡಗಿಗೆ ಮಾತ್ರ ಸೇರಿದ ಪಾಠವಲ್ಲ. ಮೀನು ಕಾರ್ಖಾನೆಯ ತೊಟ್ಟಿ, ದೋಣಿಯ ಮೀನಿನ ಕೋಣೆ, ಊರಿನ ಮ್ಯಾನ್‌ಹೋಲು, ಮನೆಯ ಹಾಳು ಬಾವಿ ಎಲ್ಲ ಕಡೆಯೂ ಇದೇ ಯಮ. ಶಾಲೆಯಲ್ಲಿ ಇದನ್ನು ಹೇಳಿಕೊಟ್ಟರೆ ಎಷ್ಟೋ ಮಂದಿ ಉಳಿದಾರು.

ದೊಡ್ಡದಕ್ಕೆ ಸಣ್ಣದು ಕಾಣದು

2021ರ ಏಪ್ರಿಲ್ 13ರ ನಸುಕು. ಬೇಪೂರಿನಿಂದ ಹೊರಟ ‘ರಬಾಹ್’ ಎಂಬ ಮೀನುಗಾರಿಕೆ ದೋಣಿ ಮಂಗಳೂರಿನಿಂದ ಸುಮಾರು 43 ನಾಟಿಕಲ್ ಮೈಲು ದೂರದಲ್ಲಿ ‘ಎಪಿಎಲ್ ಲೆ ಹಾವ್ರ್’ ಎಂಬ ಸಿಂಗಾಪುರದ ಹಡಗಿಗೆ ಡಿಕ್ಕಿಯಾಯಿತು. ದೋಣಿಯಲ್ಲಿ 14 ಮಂದಿ, ತಮಿಳುನಾಡಿನವರು ಮತ್ತು ಬಂಗಾಳದವರು. ಬದುಕಿ ಸಿಕ್ಕಿದವರು ಇಬ್ಬರು. ಅದಕ್ಕೆ ಮುಂಚೆ 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೋದ ‘ಸುವರ್ಣ ತ್ರಿಭುಜ’ ದೋಣಿ ಏಳು ಮಂದಿಯ ಸಮೇತ ಕಾಣೆಯಾಯಿತು. ಮಲ್ಪೆಯ ಹೆಂಗಸರು ಮಕ್ಕಳು ರಸ್ತೆಗಿಳಿದರು. 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣ ಬದಿಯ ಕಡಲ ತಳದಲ್ಲಿ ದೋಣಿಯ ಅವಶೇಷ ಸಿಕ್ಕಿತು. ಏಳು ಮಂದಿ ಸಿಗಲಿಲ್ಲ.

ಇದರಲ್ಲಿ ಸಾರಂಗಣ್ಣ ಎರಡೂ ಕಡೆಯವರು. ಹುಟ್ಟಿದ್ದು ದೋಣಿಯವರ ಮನೆಯಲ್ಲಿ, ದುಡಿದದ್ದು ಹಡಗಿನಲ್ಲಿ. ಆದ್ದರಿಂದ ಇಬ್ಬರಿಗೂ ಹೇಳುತ್ತಾರೆ. ಹಡಗಿನವನಿಗೆ: ಕಣ್ಣಿನಿಂದಲೂ ಕಿವಿಯಿಂದಲೂ ಸದಾ ಕಾವಲು ಇರಬೇಕೆಂಬುದು 1972ರ ಅಂತಾರಾಷ್ಟ್ರೀಯ ಡಿಕ್ಕಿ ತಡೆ ನಿಯಮ. ರಾಡಾರಿನ ಪರದೆ ನೋಡುತ್ತಾ ಕೂತರೆ ಅದು ಕಾವಲಲ್ಲ. ಮರದ, ಫೈಬರಿನ ದೋಣಿ ಅಲೆಯ ನಡುವೆ ರಾಡಾರಿನಲ್ಲಿ ಸರಿ ಕಾಣದು. ದೋಣಿಯವನಿಗೆ: ಮುನ್ನೂರು ಮೀಟರ್ ಉದ್ದದ ಹಡಗಿಗೆ ಲಾರಿಯ ಹಾಗೆ ಬ್ರೇಕಿಲ್ಲ. ಇಂಜಿನು ಹಿಂದಕ್ಕೆ ತಿರುಗಿಸಿದರೂ ನಿಲ್ಲಲು ಮೈಲಿಗಟ್ಟಲೆ ಬೇಕು. ಬಲೆ ಬಿಟ್ಟು, ದೀಪ ಕೆಡಿಸಿ ಎಲ್ಲರೂ ಮಲಗಿದರೆ, ಆಮೇಲೆ ಹಡಗಿನವನಿಗೆ ಬೈದು ಪ್ರಯೋಜನ ಉಂಟಾ?

“ಮೀನು ಸಿಕ್ಕಿದ ರಾತ್ರಿ ಯಾರೂ ಕಾವಲು ಕೂರುದಿಲ್ಲ. ನನಗೆ ಗೊತ್ತುಂಟು, ನನ್ನ ಅಪ್ಪನೂ ಕೂರ್ತಿರ್ಲಿಲ್ಲ” ಎಂದು ನಗುತ್ತಾರೆ. ನಗುವಿನ ಹಿಂದೆ ನಗು ಇಲ್ಲ.

ದಾರಿಹೋಕ ಹಡಗಿನ ಪುಣ್ಯ

ಇನ್ನು ಹಳೇ ಬಂದರಿನ ಕಥೆ. 2025ರ ಮೇ ತಿಂಗಳಲ್ಲಿ ಮಂಗಳೂರಿನಿಂದ ಲಕ್ಷದ್ವೀಪದ ಕಡಮತ್ತಿಗೆ ಸಾಮಾನು ಹೊತ್ತು ಹೊರಟ ‘ಸಲಾಮತ್’ ಎಂಬ ಸರಕು ನೌಕೆ ಮೇ 14ರಂದು ನಡುಗಡಲಲ್ಲಿ ಮುಳುಗಿತು. ಹೆಸರು ‘ಸಲಾಮತ್’, ಅಂದರೆ ಕ್ಷೇಮ. ಆರು ಮಂದಿ ಸಣ್ಣ ದೋಣಿಯೊಂದಕ್ಕೆ ಹತ್ತಿ ತೇಲುತ್ತಿದ್ದರು. ಕೋಸ್ಟ್ ಗಾರ್ಡಿಗೆ ಸುದ್ದಿ ಮುಟ್ಟಿದ್ದು ಆ ದಾರಿಯಲ್ಲಿ ಹೋಗುತ್ತಿದ್ದ ಬೇರೊಂದು ಹಡಗಿನಿಂದ. ‘ವಿಕ್ರಮ್’ ನೌಕೆ ಹೋಗಿ ಆರು ಮಂದಿಯನ್ನೂ ಎತ್ತಿಕೊಂಡು ಬಂತು. ದೇವರು ದೊಡ್ಡವನು.

ಆದರೆ ಆ ದಾರಿಹೋಕ ಹಡಗು ಹತ್ತು ಮೈಲು ಆಚೆಯಿಂದ ಹೋಗಿದ್ದರೆ? ದೇವರನ್ನು ಪ್ರತಿ ಸಲವೂ ಡ್ಯೂಟಿಗೆ ಹಾಕುವುದು ಸರಿಯಲ್ಲ ಎಂಬುದು ಸಾರಂಗಣ್ಣನ ವಾದ. ಹಡಗು ಮುಳುಗಿದ ಕೂಡಲೇ ತಾನಾಗಿಯೇ ಉಪಗ್ರಹಕ್ಕೆ ಕೂಗು ಕಳಿಸುವ ಡಬ್ಬಿ ಬಂದಿದೆ. ಗಾಳಿ ತುಂಬಿ ಬಿಚ್ಚಿಕೊಳ್ಳುವ ರಾಫ್ಟು ಬಂದಿದೆ. ದ್ವೀಪದ ಜನ ತಿನ್ನುವ ಅಕ್ಕಿ, ನೀರುಳ್ಳಿ, ಮನೆ ಕಟ್ಟುವ ಕಲ್ಲು ಜಲ್ಲಿ ಹೊತ್ತೊಯ್ಯುವ ಈ ಸಣ್ಣ ನೌಕೆಗಳು ಬಂದರಿನ ಬಾಯಿ ದಾಟುವ ಮುಂಚೆ ಈ ಡಬ್ಬಿ ಉಂಟೋ, ಅದರ ಬ್ಯಾಟರಿ ಸರಿ ಉಂಟೋ ಎಂದು ಪ್ರತಿ ಟ್ರಿಪ್ಪಿಗೂ ನೋಡಬೇಕು. ಕಾಗದ ನೋಡಿ ಸೀಲು ಹೊಡೆಯುವುದಲ್ಲ, ಡಬ್ಬಿ ನೋಡಿ ಸೀಲು ಹೊಡೆಯುವುದು.

2021ರ ಮೇ ತಿಂಗಳ ತೌಕ್ತೆ ಚಂಡಮಾರುತ ನೆನಪಿದೆಯೇ? ‘ಅಲಯನ್ಸ್’ ಎಂಬ ಟಗ್ಗು ಮಗುಚಿ ಪಡುಬಿದ್ರಿ ಬದಿಗೆ ಬಂತು. ಕೆಲವರು ಈಜಿ ದಡ ಸೇರಿದರು, ಎಲ್ಲರೂ ಸೇರಲಿಲ್ಲ. ಮೂಲ್ಕಿ ಬದಿಯ ಬಂಡೆಗೆ ಸಿಕ್ಕಿಬಿದ್ದ ‘ಕೋರಮಂಡಲ್ ಸಪೋರ್ಟರ್’ ಟಗ್ಗಿನ ಒಂಬತ್ತು ಮಂದಿಯನ್ನು ಕೋಸ್ಟ್ ಗಾರ್ಡು ಮತ್ತು ನೌಕಾಪಡೆಯ ಹೆಲಿಕಾಪ್ಟರಿನವರು ಉಳಿಸಿದರು. ಚಂಡಮಾರುತ ಬರುತ್ತದೆಂದು ದಿನಗಟ್ಟಲೆ ಮುಂಚೆ ರೇಡಿಯೋ ಹೇಳುತ್ತಿತ್ತು. ಹೇಳಿದ್ದು ಕೇಳಿಸದೆ ಹೋದದ್ದಲ್ಲ. ಒಳಗೆ ಬನ್ನಿ ಎಂದು ಆರ್ಡರು ಮಾಡಬೇಕಾದವರು ಒಳಗೇ ಕೂತಿರುತ್ತಾರೆ, ಹೊರಗಿರುವವರು ಬೇರೆ.

ಉಪ್ಪಿಗೆ ಬಡತನ

‘ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ’ ಎಂಬ ಗಾದೆ ಹಡಗಿನವನ ಮನೆಗೆ ಸರಿಯಾಗಿ ಒಪ್ಪುತ್ತದೆ. ಊರಿನವರಿಗೆ ಕಾಣುವುದು ಫಾರಿನ್ ಸೆಂಟು, ಟೇಪ್‌ರೆಕಾರ್ಡರು, ಹೆಂಚು ತೆಗೆದು ತಾರಸಿ ಹಾಕಿದ ಮನೆ. ಕಾಣದೇ ಇರುವುದು ಬೇರೆ. ಸಾರಂಗಣ್ಣ ಮೊದಲನೇ ಮಗನ ಮುಖ ನೋಡಿದ್ದು ಮಗು ಹನ್ನೊಂದು ತಿಂಗಳಾದಾಗ. ಮಗು ಅಪರಿಚಿತನನ್ನು ಕಂಡು ಅತ್ತಿತು. ಅಪ್ಪ ತೀರಿಕೊಂಡ ಟೆಲಿಗ್ರಾಂ ಕೈಗೆ ಸಿಕ್ಕಿದ್ದು ಹತ್ತೊಂಬತ್ತು ದಿನ ಕಳೆದು, ಇನ್ನೊಂದು ದೇಶದ ಬಂದರಿನಲ್ಲಿ. ಬೊಜ್ಜ ಮುಗಿದಿತ್ತು. ಹೆಂಡತಿಗೆ ತಿಂಗಳು ತಿಂಗಳು ಅಲಾಟ್‌ಮೆಂಟ್ ಹಣ ಬರುತ್ತಿತ್ತು. ಹಣ ಬಂದರೆ ಗಂಡ ಬದುಕಿದ್ದಾನೆಂದು ಲೆಕ್ಕ.

ಈಗ ಮೊಬೈಲಿನಲ್ಲಿ ಮುಖ ನೋಡಬಹುದು. ಆದರೆ ಹಿಂದೆ ಹಡಗು ಬಂದರಿನಲ್ಲಿ ವಾರಗಟ್ಟಲೆ ನಿಲ್ಲುತ್ತಿತ್ತು, ಹಡಗಿನವ ನೆಲಕ್ಕೆ ಕಾಲಿಡುತ್ತಿದ್ದ. ಈಗ ಕಂಟೇನರು ಇಳಿಸಿ ಏರಿಸಿ ಒಂದು ದಿನದೊಳಗೆ ಹೊರಡಬೇಕು. 2020ರ ಕೊರೋನಾದಲ್ಲಿ ಜಗತ್ತಿನ ಸುಮಾರು 4 ಲಕ್ಷ ನಾವಿಕರು ಕರಾರು ಮುಗಿದರೂ ಇಳಿಯಲಾಗದೆ ಹಡಗಿನಲ್ಲೇ ಸಿಕ್ಕಿಬಿದ್ದರು. ಜಗತ್ತಿಗೆ ಗೋಧಿ, ಎಣ್ಣೆ, ಔಷಧಿ ಬರುತ್ತಲೇ ಇತ್ತು. ತಂದವನು ಮಾತ್ರ ಮನೆಗೆ ಬರಲಿಲ್ಲ.

2025ರ ಜೂನ್ 9ರಂದು ಕೇರಳದ ಕಡಲಲ್ಲಿ ‘ವಾನ್ ಹೈ 503’ ಎಂಬ ಕಂಟೇನರು ಹಡಗಿಗೆ ಸ್ಫೋಟವಾಗಿ ಬೆಂಕಿ ಬಿತ್ತು. 22 ಮಂದಿಯಲ್ಲಿ 18 ಮಂದಿಯನ್ನು ಉಳಿಸಿ ನೌಕಾಪಡೆಯ ‘ಐಎನ್‌ಎಸ್ ಸೂರತ್’ ರಾತ್ರಿ ಪಣಂಬೂರಿಗೆ ತಂದಿತು. ಗಾಯಾಳುಗಳನ್ನು ಈ ಊರಿನ ಆಸ್ಪತ್ರೆಯಲ್ಲಿ ನೋಡಿಕೊಂಡರು. ನಾಲ್ವರು ನಾಪತ್ತೆ. ಆ ರಾತ್ರಿ ಮಂಗಳೂರು ಒಳ್ಳೆಯ ಕೆಲಸ ಮಾಡಿತು, ಹೇಳಲೇಬೇಕು. ಯಾವ ಭಾಷೆಯೆಂದು ತಿಳಿಯದ ಹುಡುಗರಿಗೆ ಚಿಕಿತ್ಸೆ ಕೊಟ್ಟ ಊರು, ತನ್ನದೇ ಹುಡುಗರಿಗೆ ಏನು ಮಾಡುತ್ತಿದೆ?

ಲಕ್ಷ ಕೇಳುವ ಏಜೆಂಟ

ಸಾರಂಗಣ್ಣನ ಮೊಮ್ಮಗನಿಗೂ ಬಂದಿದೆ ಒಂದು ಕರೆ. ‘ಕೂಡಲೇ ಹಡಗು, ಡಾಲರಿನಲ್ಲಿ ಸಂಬಳ, ನಾಲ್ಕು ಲಕ್ಷ ತಯಾರು ಮಾಡಿ.’ ಅಜ್ಜ ಬೇಡ ಎನ್ನುತ್ತಾರೆ. ಮನೆಯಲ್ಲಿ ಜಗಳ. ಉಳ್ಳಾಲ, ಬೆಂಗ್ರೆ, ಸುರತ್ಕಲ್, ಆಚೆ ಕಾಸರಗೋಡಿನ ಕೋಟಿಕುಳಂವರೆಗೆ ಹಡಗಿನವರ ಮನೆಗಳಿರುವ ಕಡೆಯೆಲ್ಲ ಈ ಜಗಳ ಹೊಸದಲ್ಲ.

ಕಾನೂನು ಸ್ಪಷ್ಟವಾಗಿದೆ. ನಾವಿಕರನ್ನು ಸೇರಿಸುವವನಿಗೆ ಹಡಗು ಮಹಾನಿರ್ದೇಶನಾಲಯದ ಲೈಸೆನ್ಸ್ ಬೇಕು. ಕೆಲಸ ಕೊಡಿಸಿದ್ದಕ್ಕೆ ನಾವಿಕನಿಂದ ಹಣ ಕೇಳಬಾರದು. ಹಣ ಕೇಳಿದನೆಂದರೆ ಅಲ್ಲಿಗೇ ಗೊತ್ತಾಗಬೇಕು. ಹಣ ಕೊಟ್ಟು ಹೋದ ಹುಡುಗರಿಗೆ ಸಿಗುವುದು ಗುಜರಿಗೆ ಹೋಗಬೇಕಾದ ಹಡಗು, ಎಲ್ಲಿಯದೋ ದೇಶದ ಬಾಡಿಗೆ ಧ್ವಜ, ಸಂಬಳ ಕೊಡದೆ ಓಡಿಹೋಗುವ ಯಜಮಾನ. 2024ರಲ್ಲಿ ಹೀಗೆ ನಡುನೀರಿನಲ್ಲಿ ಕೈಬಿಡಲ್ಪಟ್ಟ ನಾವಿಕರು ಜಗತ್ತಿನಲ್ಲಿ 3000ಕ್ಕೂ ಮಿಕ್ಕಿ. ಅದರಲ್ಲಿ ದೊಡ್ಡ ಪಾಲು ಭಾರತದವರದ್ದೇ. ಎರಡು ತಿಂಗಳು ಸಂಬಳ ಬಾರದಿದ್ದರೆ ‘ಕೈಬಿಟ್ಟಿದ್ದಾರೆ’ ಎಂದು ದೂರು ಕೊಡಬಹುದು, ಊರಿಗೆ ಕಳಿಸುವ ಖರ್ಚಿಗೂ ನಾಲ್ಕು ತಿಂಗಳವರೆಗಿನ ಸಂಬಳಕ್ಕೂ ಹಡಗಿಗೆ ವಿಮೆ ಇರಲೇಬೇಕು ಎಂಬುದು 2017ರಿಂದ ಜಾರಿಯಲ್ಲಿರುವ ಅಂತಾರಾಷ್ಟ್ರೀಯ ನಿಯಮ. ಈ ಮಾತು ಎಷ್ಟು ಮನೆಗೆ ಗೊತ್ತು? ಗೊತ್ತಿಲ್ಲದ ತಾಯಿ ಹುಡುಕಿಕೊಂಡು ಹೋಗುವುದು ಅದೇ ಏಜೆಂಟನನ್ನು. ಅವನ ಆಫೀಸಿಗೆ ಬೀಗ.

ಮಾಡಬೇಕಾದ್ದು

2025ರ ಆಗಸ್ಟಿನಲ್ಲಿ ಸಂಸತ್ತು 1958ರ ಹಳೇ ವ್ಯಾಪಾರಿ ಹಡಗು ಕಾಯಿದೆಯ ಜಾಗಕ್ಕೆ ಹೊಸ ಕಾಯಿದೆ ಪಾಸು ಮಾಡಿತು. ಸಂತೋಷ. ದಿಲ್ಲಿಯ ಕಾಯಿದೆ ಬೆಂಗ್ರೆಯ ಫೆರಿ ದಾಟಿ ಬರಬೇಕಾದರೆ ಇಲ್ಲಿ ಕೆಲವು ಕೆಲಸ ಆಗಬೇಕು. ಕೋಟಿ ರೂಪಾಯಿಯದ್ದಲ್ಲ, ಮನಸ್ಸಿನದ್ದು.

ಒಂದು, ಮಳೆಗಾಲದಲ್ಲಿ ಪಣಂಬೂರಿನಿಂದ ಅದಿರಾಗಲಿ, ಬೇರೆ ಪುಡಿ ಮಾಲಾಗಲಿ ಹೊರಡುವುದಾದರೆ ರಾಶಿಯ ಮೇಲೆ ಹೊದಿಕೆ ಇರಲಿ, ತೇವದ ಲೆಕ್ಕವನ್ನು ಮಾಲು ಕಳಿಸುವವನ ಲ್ಯಾಬ್ ಅಲ್ಲದೆ ಬೇರೆಯವರು ನೋಡಲಿ, ಫಲಿತಾಂಶವನ್ನು ಬಹಿರಂಗವಾಗಿ ಹಾಕಲಿ.

ಎರಡು, ಈ ಕರಾವಳಿಯಲ್ಲಿ ಆದ ಪ್ರತಿ ಹಡಗು ಅಪಘಾತದ ತನಿಖೆಯ ಸಾರ ಕನ್ನಡದಲ್ಲಿ ಬರಲಿ. 2022ರ ಜೂನಿನಲ್ಲಿ 8000 ಟನ್ ಉಕ್ಕಿನ ಸುರುಳಿ ಹೊತ್ತ ‘ಪ್ರಿನ್ಸೆಸ್ ಮಿರಾಲ್’ ಉಳ್ಳಾಲದ ಬದಿಯಲ್ಲಿ ಕೂತಾಗ 15 ಮಂದಿ ಸಿರಿಯಾದವರು ಉಳಿದರು, ಎಣ್ಣೆ ಸೋರೀತೆಂಬ ಭಯ ಮಾತ್ರ ದಡದವರ ಪಾಲಿಗೆ ಉಳಿಯಿತು. ಯಾಕೆ ಆಯಿತು, ಯಾರು ಹೊಣೆ ಎಂದು ತಿಳಿಯುವ ಹಕ್ಕು ಆ ದಡದಲ್ಲಿ ಬಲೆ ಹಾಕುವವನಿಗೆ ಇಲ್ಲವೇ?

ಮೂರು, ಹಳೇ ಬಂದರಿನಿಂದ ಹೊರಡುವ ಪ್ರತಿ ನೌಕೆ, ಪ್ರತಿ ದೋಣಿಯ ಆಪತ್ತಿನ ಡಬ್ಬಿ, ರೇಡಿಯೋ, ಲೈಫ್ ಜಾಕೆಟು ಕಣ್ಣಿನಿಂದ ನೋಡಿ ಪಾಸು ಕೊಡಲಿ. ಕೋಸ್ಟ್ ಗಾರ್ಡಿನ 1554 ನಂಬರನ್ನು ದೋಣಿಯ ಬದಿಗೆ ಬಣ್ಣದಲ್ಲಿ ಬರೆಯಲಿ, ಮನೆಯವರಿಗೂ ಬಾಯಿಪಾಠ ಆಗಲಿ.

ನಾಲ್ಕು, ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಹಡಗಿನವರ ಮನೆಯವರಿಗೆ ಒಂದು ಮೇಜು, ಒಂದು ಕುರ್ಚಿ, ಕೂತು ಉತ್ತರ ಹೇಳುವ ಒಬ್ಬ ಗುಮಾಸ್ತ ಇರಲಿ. ಲೈಸೆನ್ಸ್ ಇರುವ ಕಂಪೆನಿಗಳ ಪಟ್ಟಿ ಗೋಡೆಯಲ್ಲಿರಲಿ. ಲಕ್ಷ ಕೇಳುವ ಏಜೆಂಟನ ಹೆಸರು ಪೊಲೀಸರ ಡೈರಿಯಲ್ಲಿರಲಿ.

ಇಷ್ಟು ಸಾಕು. ಇದಕ್ಕೆ ಸಮಿತಿ ಬೇಡ, ಉಪಸಮಿತಿ ಬೇಡ, ಅಧ್ಯಯನ ಪ್ರವಾಸವಂತೂ ಬೇಡವೇ ಬೇಡ.

ನೂಲ ಹುಣ್ಣಿಮೆಯ ದಿನ ತಣ್ಣೀರುಬಾವಿಯಲ್ಲಿ ಕಡಲಿಗೆ ಹಾಲೆರೆದು ತೆಂಗಿನಕಾಯಿ ಬಿಡುತ್ತಾರೆ. ಸಾರಂಗಣ್ಣ ಈಗಲೂ ಹೋಗುತ್ತಾರೆ. ಕೈ ಮುಗಿಯುತ್ತಾರೆ. ಮೊಮ್ಮಗ ಕೇಳಿದನಂತೆ, ‘ಅಜ್ಜ, ಮೂವತ್ತಾರು ವರ್ಷ ಕಡಲು ನಿಮ್ಮನ್ನು ಕಾಪಾಡಿತಲ್ಲ, ಅದಕ್ಕಾ ಈ ಪೂಜೆ?’

“ಕಡಲು ಕಾಪಾಡುದೂ ಇಲ್ಲ, ಕೊಲ್ಲುದೂ ಇಲ್ಲ ಮಗ,” ಎಂದರಂತೆ ಅಜ್ಜ. “ಅದು ಅದರ ಕೆಲಸ ಮಾಡ್ತದೆ. ದಡದಲ್ಲಿ ಕೂತವರು ಅವರವರ ಕೆಲಸ ಮಾಡಿದರೆ ಸಾಕಿತ್ತು.”

ದಡದಲ್ಲಿ ಕೂತವರಿಗೆ ಕೇಳಿಸಿತೇ?